ವಂಶವೃಕ್ಷದಿಂದ ವಂಶಚರಿತ್ರೆಗೆ: ಕನ್ನಡದ ಆಕರಗಳು ಮತ್ತು ಅಧ್ಯಯನ ವಿಧಾನ

ಕನ್ನಡದ ಶಾಸನ ಸಂಶೋಧನೆಯು ತನ್ನ ಆರಂಭಕಾಲದಿಂದಲೂ ವಂಶಾವಳಿಗಳೊಡನೆ ಸೆಣಸುತ್ತ ಬಂದಿದೆ. ಬಿ. ಎಲ್. ರೈಸ್ ಅವರು 1886ರಿಂದ ಪ್ರಕಟಿಸತೊಡಗಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನಾಗಲಿ, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ಜೆ. ಎಫ್. ಫ್ಲೀಟ್ ಅವರು ನಡೆಸಿದ ಅಧ್ಯಯನವನ್ನಾಗಲಿ ಗಮನಿಸಿದರೆ, ಯಾರು ಯಾರ ಮಗ, ಯಾರ ತರುವಾಯ ಯಾರು ಪಟ್ಟವೇರಿದರು ಎಂಬ ಪ್ರಶ್ನೆಯೇ ಅವುಗಳ ಬೆನ್ನೆಲುಬಾಗಿರುವುದು ಕಂಡುಬರುತ್ತದೆ. ಅರಸುಮನೆತನಗಳ ವಿಷಯದಲ್ಲಿ ಇಷ್ಟು ಶ್ರಮವಹಿಸಿದ ಕನ್ನಡ ವಿದ್ವತ್ತು ಸಾಮಾನ್ಯ ಒಕ್ಕಲು ಮನೆತನಗಳತ್ತ ಅದೇ ಶಿಸ್ತಿನಿಂದ ತಿರುಗಿದ್ದು ವಿರಳ. ಮನೆತನದವರೇ ಅಭಿಮಾನದಿಂದ ಅಚ್ಚು ಹಾಕಿಸಿದ ವಂಶಾವಳಿ ಪುಸ್ತಿಕೆಗಳು ಉಂಟು. ಅವುಗಳಲ್ಲಿ ಬಹುಪಾಲು ಹೆಸರುಗಳ ಪಟ್ಟಿಗಳು. ಆ ಹೆಸರುಗಳು ಎಲ್ಲಿಂದ ಬಂದವು, ಯಾವ ಆಧಾರದ ಮೇಲೆ ಒಂದರ ಕೆಳಗೊಂದು ನಿಂತಿವೆ ಎಂಬುದನ್ನು ಅವು ಹೇಳುವುದಿಲ್ಲ.

ವಂಶವೃಕ್ಷ ಮತ್ತು ವಂಶಚರಿತ್ರೆ ಇವೆರಡರ ನಡುವಣ ವ್ಯತ್ಯಾಸವನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ವಂಶವೃಕ್ಷವು ಸಂಬಂಧಗಳ ನಕ್ಷೆ. ವಂಶಚರಿತ್ರೆಯು ಆ ಸಂಬಂಧಗಳು ಯಾವ ನೆಲದ ಮೇಲೆ, ಯಾವ ಬರಗಾಲ, ಸಾಲ, ಪಾಲು, ದತ್ತು, ವಲಸೆಗಳ ನಡುವೆ ನಡೆದವು ಎಂಬುದರ ನಿರೂಪಣೆ. ಮೊದಲನೆಯದು ಇಲ್ಲದೆ ಎರಡನೆಯದು ಕೇವಲ ಕಥೆಯಾಗುತ್ತದೆ; ಎರಡನೆಯದಿಲ್ಲದ ಮೊದಲನೆಯದು ತಾಲೂಕು ಕಚೇರಿಯಲ್ಲಿ ಸಲ್ಲಿಸುವ ಕಾಗದವಾಗಿ ಉಳಿಯುತ್ತದೆ.

ಬಂಧುವಾಚಕಗಳ ತೊಡಕು

ವಂಶಾವಳಿ ವಿಧಾನವನ್ನು ಶಾಸ್ತ್ರೀಯವಾಗಿ ರೂಪಿಸಿದವರಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಪ್ರಮುಖರು. 1898ರ ಟಾರಸ್ ಜಲಸಂಧಿ ಸಂಶೋಧನ ಯಾತ್ರೆಯಲ್ಲಿ ಮೊಳೆತ ಈ ವಿಧಾನವನ್ನು ಅವರು 1901-02ರಲ್ಲಿ ನೀಲಗಿರಿಯ ತೊದವರ ನಡುವೆ ಬಳಸಿದರು. 1906ರಲ್ಲಿ ಪ್ರಕಟವಾದ ಅವರ ಗ್ರಂಥವು ಅದರ ಫಲ. ಸತ್ತ ಹಿರಿಯರ ಹೆಸರನ್ನು ಬಾಯಲ್ಲಿ ಹೇಳಬಾರದೆಂಬ ನಿಷೇಧ ತೊದವರಲ್ಲಿ ಇದ್ದುದರಿಂದ ಒಂದು ಮನೆಯ ವಂಶಾವಳಿಯನ್ನು ಬೇರೆ ಮನೆಯವರಿಂದ ಕೇಳಿ ಪಡೆಯಬೇಕಾಯಿತು. ಗಂಡನ ಹೆಸರು ಹೇಳಲು ಹಿಂಜರಿಯುವ ಅಜ್ಜಿಯರನ್ನು ಕಂಡಿರುವ ಕನ್ನಡದ ಕ್ಷೇತ್ರಕಾರ್ಯಕರ್ತರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

ರಿವರ್ಸ್ ವಿಧಾನದ ತಿರುಳು ಸರಳವಾದದ್ದು. ಮಾಹಿತಿದಾರರನ್ನು ಪ್ರಶ್ನಿಸುವಾಗ ತಂದೆ, ತಾಯಿ, ಮಗು, ಗಂಡ, ಹೆಂಡತಿ ಎಂಬ ಐದು ಪದಗಳನ್ನಷ್ಟೇ ಬಳಸಬೇಕು. ಅದೂ ಹೆತ್ತವರು, ಹುಟ್ಟಿದವರು ಎಂಬ ಖಚಿತ ಅರ್ಥದಲ್ಲಿ. ಕನ್ನಡದಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. 'ಮಾವ' ಎಂಬ ಒಂದೇ ಮಾತು ತಾಯಿಯ ಸೋದರನನ್ನೂ, ಹೆಂಡತಿಯ ಅಥವಾ ಗಂಡನ ತಂದೆಯನ್ನೂ, ಸೋದರತ್ತೆಯ ಗಂಡನನ್ನೂ ಸೂಚಿಸಬಲ್ಲುದು. 'ಅಳಿಯ' ಎಂದರೆ ಮಗಳ ಗಂಡನೂ ಹೌದು, ಸೋದರಿಯ ಮಗನೂ ಹೌದು. ದೊಡ್ಡಪ್ಪನ ಮಗನು 'ಅಣ್ಣ'ನೇ. ಚಿಕ್ಕಮ್ಮನ ಮಗನೂ ಅಣ್ಣನೇ. ಈ ಅಸ್ಪಷ್ಟತೆಯು ಭಾಷೆಯ ದೋಷವೆಂದು ಭಾವಿಸಲಾಗದು. ಸೋದರಮಾವನಿಗೆ ಅಥವಾ ಆತನ ಮಗನಿಗೆ ಹೆಣ್ಣು ಕೊಡುವ ಸಮಾಜದಲ್ಲಿ ತಾಯಿಯ ಸೋದರನೂ ಹೆಂಡತಿಯ ತಂದೆಯೂ ಒಬ್ಬನೇ ಆಗಿರುವ ಸಾಧ್ಯತೆಯನ್ನು ಭಾಷೆಯು ಮೊದಲೇ ಗುರುತಿಸಿಕೊಂಡಿದೆ. ಎಂ. ಎನ್. ಶ್ರೀನಿವಾಸ್ ಅವರು 1942ರಲ್ಲಿ ಮೈಸೂರಿನ ವಿವಾಹ ಮತ್ತು ಕುಟುಂಬವನ್ನು ಕುರಿತು ಬರೆದ ಗ್ರಂಥವನ್ನೂ, ಇರಾವತಿ ಕರ್ವೆ ಅವರು 1953ರಲ್ಲಿ ಪ್ರಕಟಿಸಿದ ಭಾರತೀಯ ಬಾಂಧವ್ಯ ವ್ಯವಸ್ಥೆಯ ಅಧ್ಯಯನವನ್ನೂ ಈ ಹಿನ್ನೆಲೆಯಲ್ಲಿ ಓದಿಕೊಳ್ಳುವುದು ಉಪಯುಕ್ತ.

ಇದರ ಪರಿಣಾಮ ವಂಶವೃಕ್ಷದ ಚಿತ್ರದ ಮೇಲೂ ಆಗುತ್ತದೆ. ಅತ್ತೆಯ ಮಗಳನ್ನೋ ಮಾವನ ಮಗಳನ್ನೋ ಮದುವೆಯಾದವನ ಮಕ್ಕಳಿಗೆ ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರು ಇರಬೇಕಾದಲ್ಲಿ ಆರು ಮಂದಿಯೇ ಇರುತ್ತಾರೆ. ಅಕ್ಕನ ಮಗಳನ್ನು ಮದುವೆಯಾದವನ ಮನೆಯಲ್ಲಂತೂ ಒಂದೇ ದಂಪತಿಗಳು ಮಕ್ಕಳಿಗೆ ಒಂದು ಕಡೆಯಿಂದ ಅಜ್ಜ ಅಜ್ಜಿಯರು, ಇನ್ನೊಂದು ಕಡೆಯಿಂದ ಮುತ್ತಜ್ಜ ಮುತ್ತಜ್ಜಿಯರು. ಕೊಂಬೆಗಳು ಹರಡುತ್ತಲೇ ಹೋಗುವ ಮರದ ಚಿತ್ರ ಇಲ್ಲಿ ಒಪ್ಪುವುದಿಲ್ಲ. ಇದು ಬಳ್ಳಿಯು ತನ್ನನ್ನೇ ಮತ್ತೆ ಸುತ್ತಿಕೊಂಡ ಹಂದರ. ಪಾಶ್ಚಾತ್ಯ ಮಾದರಿಯ ನಕ್ಷೆಗಳನ್ನು ಹಾಗೆಯೇ ಎರವಲು ಪಡೆದವರು ಈ ಹಂತದಲ್ಲಿ ಒಬ್ಬನೇ ವ್ಯಕ್ತಿಯನ್ನು ಇಬ್ಬರೆಂದು ಎಣಿಸುವ ಅಪಾಯವಿದೆ.

ಪಂಪನ ಮನೆತನ: ಒಂದು ಮಾದರಿ

ಆಕರಗಳನ್ನು ಹೇಗೆ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಬೇಕೆಂಬುದಕ್ಕೆ ಕನ್ನಡದಲ್ಲಿ ಪಂಪನ ಕುಟುಂಬಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು. 'ವಿಕ್ರಮಾರ್ಜುನ ವಿಜಯ'ದ ಕೊನೆಯಲ್ಲಿ ಕವಿಯು ತನ್ನ ವಂಶವನ್ನು ಹೇಳಿಕೊಂಡಿದ್ದಾನೆ. ವೆಂಗಿಪಳುವಿನ ಮಾಧವ ಸೋಮಯಾಜಿಯಿಂದ ಮೊದಲಾಗಿ ಅಭಿಮಾನಚಂದ್ರ, ಕೊಮರಯ್ಯ, ಅಭಿರಾಮದೇವರಾಯ ಎಂದು ಸಾಲು ಇಳಿದು ಪಂಪನಲ್ಲಿಗೆ ಬರುತ್ತದೆ. ಯಜ್ಞಯಾಗಾದಿಗಳಲ್ಲಿ ನಿರತವಾದ ಮನೆತನದಲ್ಲಿ ಹುಟ್ಟಿದ ತಂದೆ ಜಿನಧರ್ಮವನ್ನು ಸ್ವೀಕರಿಸಿದ ಸಂಗತಿಯೂ ಅಲ್ಲಿಯೇ ತಿಳಿಯುತ್ತದೆ. ಕಾವ್ಯವೊಂದೇ ಉಳಿದಿದ್ದರೆ ಪಂಪನ ಮನೆತನವು ತಂದೆಯಿಂದ ಮಗನಿಗೆ ಇಳಿಯುವ ಒಂದು ನೇರ ಗೆರೆಯಾಗಿ ಮಾತ್ರ ಕಾಣುತ್ತಿತ್ತು.

ತೆಲಂಗಾಣದ ಕರೀಂನಗರದ ಸಮೀಪದ ಕುರ್ಕ್ಯಾಲದ ಬೊಮ್ಮಲಗುಟ್ಟದಲ್ಲಿ ಕನ್ನಡ, ಸಂಸ್ಕೃತ, ತೆಲುಗು ಮೂರೂ ಭಾಷೆಗಳಲ್ಲಿರುವ ಜಿನವಲ್ಲಭನ ಶಾಸನ ಆ ಗೆರೆಯನ್ನು ಕುಟುಂಬವನ್ನಾಗಿ ಮಾಡಿತು. ಪಂಪನಿಗೆ ಜಿನವಲ್ಲಭನೆಂಬ ತಮ್ಮನಿದ್ದನೆಂಬುದು ಅದರಿಂದ ತಿಳಿಯಿತು. ತಂದೆಯ ಹೆಸರು ಅಲ್ಲಿ ಭೀಮಪಯ್ಯ, ತಾಯಿ ಅಬ್ಬಣಬ್ಬೆ. ಆಕೆ ಬೆಳ್ವೊಲನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ವೆಂಗಿಯ ಮನೆತನಕ್ಕೂ ತಿರುಳ್ಗನ್ನಡದ ನಾಡಿಗೂ ಇದ್ದ ನಂಟು ತಾಯಿಯ ಕಡೆಯಿಂದ ಬಂದದ್ದೆಂಬ ಸಂಗತಿಯು ಪಂಪನ ಭಾಷೆಯನ್ನು ಕುರಿತ ಚರ್ಚೆಗೆ ಎಂತಹ ತಿರುವು ಕೊಟ್ಟಿತೆಂಬುದು ವಿದ್ವಾಂಸರಿಗೆ ತಿಳಿದದ್ದೇ ಆಗಿದೆ.

ವಂಶಚರಿತ್ರೆಯ ಅಧ್ಯಯನಕಾರನಿಗೆ ಇದರಲ್ಲಿ ಮೂರು ಸಂಗತಿಗಳು ಮುಖ್ಯವಾಗುತ್ತವೆ. ಕಾವ್ಯದ ಅಭಿರಾಮದೇವರಾಯನೂ ಶಾಸನದ ಭೀಮಪಯ್ಯನೂ ಒಬ್ಬನೇ ಎಂಬುದು ಹೆಸರಿನ ಹೋಲಿಕೆಯಿಂದ ಸಿದ್ಧವಾಗುವುದಿಲ್ಲ. ಪಂಪ, ವೆಂಗಿಪಳು, ಜಿನಧರ್ಮ, ಅರಿಕೇಸರಿಯ ಆಶ್ರಯ ಇವೆಲ್ಲ ಕೂಡಿಬಂದುದರಿಂದ ಸಿದ್ಧವಾಗುತ್ತದೆ. ಎರಡನೆಯದಾಗಿ, ಅಣ್ಣನ ವಿಷಯದಲ್ಲಿ ಕಾಣದ ವಿವರ ತಮ್ಮನ ದಾಖಲೆಯಲ್ಲಿ ಸಿಕ್ಕಿದೆ. ಒಬ್ಬನ ಬಗೆಗೆ ತಿಳಿಯಬೇಕಾದರೆ ಆತನ ಒಡಹುಟ್ಟಿದವರ, ನೆರೆಯವರ, ಸಾಕ್ಷಿದಾರರ ದಾಖಲೆಗಳನ್ನು ನೋಡಬೇಕೆಂಬುದು ವಂಶಾನ್ವೇಷಣೆಯ ಬಹು ಮುಖ್ಯ ಸೂತ್ರ. ಇನ್ನು ತಾಯಿಯ ಹೆಸರು. ಕಾವ್ಯದ ವಂಶಕಥನ ಕೈಬಿಟ್ಟ ಹೆಣ್ಣನ್ನು ಬಂಡೆಯ ಮೇಲಿನ ಬರಹ ಉಳಿಸಿಕೊಂಡಿದೆ. ಇದಕ್ಕೆ ಹೋಲಿಸಿದರೆ ರನ್ನನು ಉದಾರಿ. ಮುದುವೊಳಲಿನ ಬಳೆಗಾರ ಕುಲದ ಆ ಕವಿ 993ರ 'ಅಜಿತಪುರಾಣ'ದಲ್ಲಿ ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಹೆಂಡಿರಾದ ಜಕ್ಕಿ ಮತ್ತು ಶಾಂತಿ, ಮಗ ರಾಯ, ಮಗಳು ಅತ್ತಿಮಬ್ಬೆ ಎಲ್ಲರನ್ನೂ ಹೆಸರಿಸಿದ್ದಾನೆ. (ಪಂಪನ ತಮ್ಮ ಮತ್ತು ರನ್ನನ ತಂದೆ ಇಬ್ಬರ ಹೆಸರೂ ಜಿನವಲ್ಲಭ ಎಂಬುದು ಹೆಸರೊಂದನ್ನೇ ನಂಬುವವರಿಗೆ ಎಚ್ಚರಿಕೆ.)

ವಂಶಾವಳಿಗಳು ಮೇಲ್ಮುಖವಾಗಿ ಬೆಳೆಯುವ ಬಗೆಯನ್ನೂ ಶಾಸನಗಳೇ ಕಲಿಸುತ್ತವೆ. ಬಾದಾಮಿ ಚಾಲುಕ್ಯರು ಮಾನವ್ಯಗೋತ್ರದವರು, ಹಾರಿತೀಪುತ್ರರು ಎಂದು ಹೇಳಿಕೊಂಡರೆ, ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಅದು ಸಾಲದಾಯಿತು. ಐದನೆಯ ವಿಕ್ರಮಾದಿತ್ಯನ 1009ರ ಕೌಠೆಂ ತಾಮ್ರಪಟವು ಅಯೋಧ್ಯೆಯಲ್ಲಿ ಆಳಿದ 59 ಅರಸರನ್ನು ಆ ವಂಶದ ತಲೆಯ ಮೇಲೆ ಕೂರಿಸುತ್ತದೆ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ತಿರುಮಲಾರ್ಯನು ರಚಿಸಿದ 'ಚಿಕದೇವರಾಜ ವಂಶಾವಳಿ'ಯು ಮೈಸೂರು ಒಡೆಯರನ್ನು ಯದುಕುಲಕ್ಕೆ ಜೋಡಿಸಿದುದೂ ಇದೇ ಜಾತಿಯದು. ಅರಸರು ಮಾಡಿದ್ದನ್ನು ಗೌಡರು, ದೇಸಾಯರು, ಶಾನುಭೋಗರು ತಮ್ಮ ಅಳವಿಗೆ ತಕ್ಕಂತೆ ಮಾಡಿದರು. ಅಧ್ಯಯನಕಾರನು ಇಂತಹ ಹೆಸರುಗಳನ್ನು ಸುಳ್ಳೆಂದು ಹೊಡೆದುಹಾಕಬೇಕಾಗಿಲ್ಲ. ಯಾವ ಕಾಲದಲ್ಲಿ, ಯಾವ ಅಗತ್ಯಕ್ಕಾಗಿ ಅವು ಸೇರಿಕೊಂಡವೆಂದು ಕೇಳಬೇಕು.

ಹೆಳವರ ಹೊತ್ತಿಗೆ

ಉತ್ತರ ಕರ್ನಾಟಕದ ಒಕ್ಕಲು ಮನೆತನಗಳ ಮಟ್ಟಿಗೆ ಹೆಳವರ ಪರಂಪರೆಯು ಬೇರೆಲ್ಲೂ ಸುಲಭವಾಗಿ ಸಿಗದ ಆಕರ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮರೆಮಾಡಿಕೊಂಡು ಮನೆಯ ಮುಂದೆ ಬಂದು ಹಿರಿಯರ ಹೆಸರುಗಳನ್ನು ಹೊಗಳುವ ಹೆಳವರ ಚಿತ್ರವು 1909ರಲ್ಲಿ ಪ್ರಕಟವಾದ ಥರ್ಸ್ಟನ್ ಅವರ ಸಂಪುಟಗಳಲ್ಲಿಯೇ ಬಂದಿದೆ. ಸುಗ್ಗಿಯ ನಂತರ ತಮಗೆ ಸೇರಿದ ಊರುಗಳಿಗೆ ಬಂದು, ಒಕ್ಕಲಿನ ಬೆಡಗು, ಮೂಲ ಊರು, ಮನೆದೇವರು, ಅಣ್ಣತಮ್ಮಂದಿರು ಬೇರೆಯಾದ ಬಗೆ ಇವನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳು, ಬಟ್ಟೆ, ಹಣ, ಕೆಲವೊಮ್ಮೆ ದನಕರುಗಳನ್ನು ಪಡೆದು ಹೋಗುವುದು ಅವರ ವೃತ್ತಿಯ ಕ್ರಮ. ಮನೆಯವರೇ ಮರೆತ ವಲಸೆಯ ಹಾದಿಯನ್ನು ಹೆಳವನ ಬಾಯಿಂದ ಕೇಳಿ ತಿಳಿದುಕೊಳ್ಳುವ ಪದ್ಧತಿ ಇದರಿಂದಾಗಿಯೇ ಬೆಳೆಯಿತು.

ಈ ಆಕರದ ಬೆಲೆಯನ್ನು ಒಪ್ಪಿಕೊಂಡೂ ಅದರ ಸ್ವರೂಪವನ್ನು ಮರೆಯಬಾರದು. ಹೆಳವನದು ಕೊಡುಕೊಳ್ಳುವ ಸಂಬಂಧ. ಅವನಿಗೆ ಕಾಣಿಕೆ ಕೊಡುವ ಮನೆಯ ಕೊಂಬೆ ತುಂಬಿಕೊಂಡಿರುತ್ತದೆ. ಊರು ಬಿಟ್ಟವರ, ಬಡತನಕ್ಕೆ ಬಿದ್ದವರ ಕೊಂಬೆ ಒಣಗುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಬೇರೊಂದು ಒಕ್ಕಲಿಗೆ ಸೇರಿದವರಾದ್ದರಿಂದ ಅವರ ಹೆಸರು ಉಳಿಯುವುದು ಅಪರೂಪ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ವಾಡಿಕೆಯಿಂದಾಗಿ ಇನ್ನೊಂದು ತೊಡಕು ಒದಗುತ್ತದೆ. ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಬಸಪ್ಪ, ಆತನ ಮಗ ಮತ್ತೆ ಮಲ್ಲಪ್ಪ ಎಂದು ಸಾಗುವ ಸಾಲಿನಲ್ಲಿ ಎರಡು ತಲೆಮಾರು ಜಾರಿಹೋದರೂ ಕಿವಿಗೆ ತಿಳಿಯುವುದಿಲ್ಲ. ಯಾನ್ ವಾನ್ಸಿನಾ ಅವರು ಆಫ್ರಿಕದ ಮೌಖಿಕ ಪರಂಪರೆಗಳ ಅಧ್ಯಯನದಲ್ಲಿ ಚರ್ಚಿಸಿದ, ತಲೆಮಾರುಗಳು ಒಂದರೊಳಗೊಂದು ಸೇರಿಕೊಳ್ಳುವ ಪ್ರವೃತ್ತಿ ಇದೇ.

ಕಾಲನಿರ್ಣಯಕ್ಕೆ ಜನರ ನೆನಪಿನಲ್ಲಿರುವ ದುರಂತಗಳು ನೆರವಾಗುತ್ತವೆ. 1791-92ರ ಡೋಗಿ ಬರ, 1876-78ರ ಧಾತು ಈಶ್ವರ ಬರ, 1898ರಲ್ಲಿ ಬೆಂಗಳೂರು ಮೈಸೂರುಗಳಿಗೆ ಬಂದ ಪ್ಲೇಗು, 1918ರ ಇನ್‌ಫ್ಲುಯೆಂಜಾ ಇವು ಮನೆತನಗಳ ಮೌಖಿಕ ಕಥನದಲ್ಲಿ ಗೂಟಗಳಂತೆ ನಿಂತಿವೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷಕ್ಕಿಂತ ಸ್ವಲ್ಪ ಹೆಚ್ಚಾಗಿದ್ದುದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತೆಂಬುದನ್ನು ನೆನೆದರೆ, ಆ ಹತ್ತು ವರ್ಷಗಳಲ್ಲಿ ಒಂದು ಕೊಂಬೆ ಇದ್ದಕ್ಕಿದ್ದಂತೆ ಮುಗಿದುಹೋಗುವುದು ಆಶ್ಚರ್ಯವಲ್ಲ. ಆದರೆ ಬರಿಯ ಸಂವತ್ಸರದ ಹೆಸರನ್ನು ನಂಬುವಂತಿಲ್ಲ. ಧಾತು ಸಂವತ್ಸರವು 1816-17ರಲ್ಲಿಯೂ ಬಂದಿತ್ತು, 1936-37ರಲ್ಲಿಯೂ ಬಂದಿತು. ಶಕವರ್ಷವಿಲ್ಲದ ಪತ್ರದಲ್ಲಿ ತಪ್ಪು ಅರುವತ್ತು ವರ್ಷಗಳಷ್ಟಾಗುತ್ತದೆ, ಎಂದರೆ ಎರಡು ತಲೆಮಾರಿಗೂ ಮಿಕ್ಕು. ತಿಥಿ, ವಾರಗಳು ಇದ್ದಲ್ಲಿ ಪಂಚಾಂಗ ಗಣನೆಯಿಂದ ಇದನ್ನು ಬಗೆಹರಿಸಬಹುದು. ಶಾಸನಾಭ್ಯಾಸಿಗಳಿಗೆ ಈ ಕ್ರಮ ಪರಿಚಿತವೇ.

ದಫ್ತರಗಳಲ್ಲಿ ಮನೆತನ

ಇಂಗ್ಲೆಂಡಿನ ವಂಶಾನ್ವೇಷಕರಿಗೆ ಹತ್ತು ವರ್ಷಕ್ಕೊಮ್ಮೆ ಮನೆ ಮನೆಯ ಹೆಸರುಗಳನ್ನು ಬರೆದಿಟ್ಟ ಜನಗಣತಿಯ ಮೂಲ ಪಟ್ಟಿಗಳು ದೊರೆಯುತ್ತವೆ. ಭಾರತದಲ್ಲಿ ಅದು ಸಾಧ್ಯವಿಲ್ಲ. 1948ರ ಜನಗಣತಿ ಕಾಯಿದೆಯು ಗಣತಿಯ ವೈಯಕ್ತಿಕ ದಾಖಲೆಗಳನ್ನು ಪರಿಶೀಲನೆಗೆ ಮುಚ್ಚಿಟ್ಟಿದೆ. ಜನನ ಮರಣಗಳ ನೋಂದಣಿ ದೇಶಕ್ಕೆಲ್ಲ ಏಕರೂಪವಾಗಿ ಬಂದದ್ದು 1969ರ ಕಾಯಿದೆಯಿಂದ. ಶಾಲೆಯ ದಾಖಲಾತಿ ಪುಸ್ತಕಗಳಿವೆ. ಅವುಗಳಲ್ಲಿ ಜೂನ್ 1ರಂದು ಹುಟ್ಟಿದ ಮಕ್ಕಳ ಸಂಖ್ಯೆಯನ್ನು ನೋಡಿದವರು ಆ ತಾರೀಖುಗಳನ್ನು ಎಷ್ಟು ನಂಬಬೇಕೆಂದು ಅರಿತಿರುತ್ತಾರೆ. ಹೀಗಾಗಿ ಇಲ್ಲಿನ ವಂಶಚರಿತ್ರೆಗೆ ಮುಖ್ಯ ಆಧಾರ ಜಮೀನಿನ ಕಾಗದ.

ಮುಂಬಯಿ ಪ್ರಾಂತದ ಇನಾಮ್ ಕಮಿಷನ್, 1852ರ ಕಾಯಿದೆಯ ಬಲದಿಂದ ಇನಾಮುದಾರರ ಹಕ್ಕುಗಳನ್ನು ಕೆದಕಿದಾಗ, ಧಾರವಾಡ ಬೆಳಗಾವಿ ಕಡೆಯ ಮನೆತನಗಳು ತಮ್ಮ ವಂಶಾವಳಿಯನ್ನು ಲಿಖಿತವಾಗಿ ಒಪ್ಪಿಸಬೇಕಾಯಿತು. 1874ರ ವತನ ಕಾಯಿದೆಯಿಂದಾಗಿ ಪಾಟೀಲ, ಕುಲಕರ್ಣಿ ಮೊದಲಾದ ವತನದಾರ ಮನೆತನಗಳ ಹಕ್ಕುದಾರರು ದಫ್ತರಕ್ಕೆ ಸೇರಿದರು. ಹಳೆಯ ಪತ್ರಗಳು ಮೋಡಿ ಲಿಪಿಯಲ್ಲಿರುವುದು, ಕಲಬುರಗಿ ರಾಯಚೂರು ಕಡೆಯವು ಪಾರಸಿ ಉರ್ದುಗಳಲ್ಲಿರುವುದು ಕನ್ನಡ ವಿಭಾಗಗಳ ಸಂಶೋಧಕರನ್ನು ಹಿಂದಕ್ಕೆ ತಳ್ಳಿದೆ. ಹಳಗನ್ನಡ ಲಿಪಿಯನ್ನು ಪಾಠವಾಗಿ ಇಡುವ ವಿಭಾಗಗಳು ಮೋಡಿಗೂ ಒಂದು ಸ್ಥಾನ ಕೊಟ್ಟರೆ ತಪ್ಪಾಗಲಾರದು. ಹಳೆಯ ಮೈಸೂರಿನಲ್ಲಿ ಪಾಲುಪಾರಿಕತ್ತುಗಳು, ಪೌತಿ ಖಾತೆಯ ಕಡತಗಳು, ಮಠಗಳ ಲೆಕ್ಕದ ಕಡತಗಳು ಇದೇ ಕೆಲಸಕ್ಕೆ ಬರುತ್ತವೆ. ಪಾಲುಪತ್ರವು ವಿಶೇಷವಾಗಿ ಅಮೂಲ್ಯ: ಅಣ್ಣತಮ್ಮಂದಿರ ಅನುಕ್ರಮ, ವಿಧವೆಯರ ಜೀವನಾಂಶ, ಮದುವೆಯಾಗದ ಹೆಣ್ಣುಮಕ್ಕಳ ಖರ್ಚು, ಹೊರಬೇಕಾದ ಸಾಲ ಎಲ್ಲವೂ ಒಂದೇ ಹಾಳೆಯಲ್ಲಿ ಇರುತ್ತವೆ.

ಜಮೀನಿನ ಕಾಗದವು ಹಕ್ಕಿಗಾಗಿ ಹುಟ್ಟಿದ್ದು. ಹಕ್ಕಿಲ್ಲದವರು ಅದರಲ್ಲಿ ಇರುವುದಿಲ್ಲ. 1886ರ ಮುಂಬಯಿ ಕಾಯಿದೆಯೊಂದು ವತನದ ಉತ್ತರಾಧಿಕಾರದಲ್ಲಿ, ಕೊನೆಯ ಹಕ್ಕುದಾರನ ವಿಧವೆಯನ್ನು ಬಿಟ್ಟು ಉಳಿದ ಹೆಂಗಸರೆಲ್ಲರನ್ನೂ ಗಂಡಸರ ನಂತರಕ್ಕೆ ತಳ್ಳಿತು. ಆ ಮನೆತನಗಳ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳು ಕಾಣದಿರುವುದಕ್ಕೆ ಸಂಪ್ರದಾಯದಷ್ಟೇ ಈ ಕಾನೂನೂ ಕಾರಣ. ತದ್ವಿರುದ್ಧವಾಗಿ, ಕರ್ನಾಟಕವು 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಂದ ತಿದ್ದುಪಡಿ ಹಾಗೂ 2005ರ ಕೇಂದ್ರದ ತಿದ್ದುಪಡಿಗಳ ನಂತರ ಹೆಣ್ಣುಮಕ್ಕಳ ಹೆಸರಿಲ್ಲದ ವಂಶವೃಕ್ಷವು ವ್ಯಾಜ್ಯಕ್ಕೆ ಆಹ್ವಾನವಾಯಿತು. ಒಂದೇ ಮನೆತನದ ಎರಡು ಕಾಲದ ವಂಶವೃಕ್ಷಗಳನ್ನು ಹೋಲಿಸಿದಾಗ ಹಿಂದಿನದರಲ್ಲಿ ಇಲ್ಲದ ಅತ್ತೆಯೊಬ್ಬಳು ಮುಂದಿನದರಲ್ಲಿ ಕಾಣಿಸಿಕೊಂಡರೆ, ಬದಲಾದದ್ದು ಕುಟುಂಬವಲ್ಲ, ಕಾನೂನು. ಹೆಂಗಸರ ಹೆಸರುಗಳಿಗಾಗಿ ಬೇರೆ ಕಡೆ ಹುಡುಕಬೇಕು: ಮಾಸ್ತಿಕಲ್ಲು, ದಾನಶಾಸನ, ಮದುವೆಯ ಕರೆಯೋಲೆ, ಪಾತ್ರೆಗಳ ಮೇಲೆ ಕೆತ್ತಿಸಿದ ಹೆಸರು. ಬ್ರಾಹ್ಮಣ ಮನೆಗಳ ಪಿತೃತರ್ಪಣದ ಪಟ್ಟಿಯಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರೊಂದಿಗೆ ಮಾತಾಮಹರ ಸಾಲೂ ಉಳಿದಿರುತ್ತದೆ.

ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಸರ್ಕಾರಿ ನಮೂನೆಯ ವಂಶವೃಕ್ಷವೇ ತಲೆಕೆಳಗಾಗುತ್ತದೆ. ಅಲ್ಲಿ ಮೂಲದಲ್ಲಿ ನಿಲ್ಲುವವಳು ಹೆಂಗಸು. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಹೆಣ್ಣಿನ ಸಂತತಿಯ ಒಂದೊಂದು ಕವಲನ್ನೂ 'ಕವರು' ಎಂದು ಕರೆದು, ಮುಂದುವರಿಯುವ ಸಾಧ್ಯತೆಯಿಲ್ಲದ್ದನ್ನು 'ನಿಸ್ಸಂತತಿ ಕವರು' ಎಂದು ಬೇರ್ಪಡಿಸಿತು. ಈ ಕುಟುಂಬಗಳಲ್ಲಿ ಮಗನಿಂದ ಮಗನಿಗೆ ಗೆರೆ ಎಳೆಯುತ್ತ ಹೋದ ಅಧ್ಯಯನಕಾರ ಪ್ರತಿ ತಲೆಮಾರಿನಲ್ಲಿಯೂ ಬೇರೊಂದು ಕುಟುಂಬದ ಅಂಗಳಕ್ಕೆ ಹೋಗಿ ಬೀಳುತ್ತಾನೆ.

ಬರವಣಿಗೆಯ ಹಂತ

ಸಂಗ್ರಹಿಸಿದ್ದನ್ನು ಬರೆಯುವಾಗ ಪ್ರತಿಯೊಂದು ಸಂಬಂಧದ ಜೊತೆಗೂ ಅದರ ಆಧಾರವನ್ನು ಹೇಳುವುದು ಕನಿಷ್ಠ ಶಿಸ್ತು. ಪತ್ರದಿಂದ ತಿಳಿದದ್ದು, ಹೆಳವನಿಂದ ಕೇಳಿದ್ದು, ಮನೆಯ ಹಿರಿಯರು ನೆನಪಿನಿಂದ ಹೇಳಿದ್ದು, ಅಧ್ಯಯನಕಾರನು ಊಹಿಸಿದ್ದು ಇವು ಒಂದೇ ವಾಕ್ಯರೂಪದಲ್ಲಿ ಬೆರೆಯಬಾರದು. ಕನ್ನಡದ 'ಅಂತೆ' ಎಂಬ ಪ್ರತ್ಯಯವು ಈ ಭೇದವನ್ನು ಸಹಜವಾಗಿಯೇ ಸೂಚಿಸುತ್ತದೆ. ಶಾಸ್ತ್ರೀಯ ಗದ್ಯವು ಅದನ್ನು ದೂರವಿಟ್ಟದ್ದು ನಷ್ಟವೇ ಸರಿ. ಒಂದೇ ಘಟನೆಯ ಎರಡು ಹೇಳಿಕೆಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ಎರಡನ್ನೂ ಕೊಡಬೇಕು.

ಇದಕ್ಕಿಂತ ಕಠಿಣವಾದದ್ದು ಮುಚ್ಚಿಟ್ಟ ಸಂಗತಿಗಳ ಪ್ರಶ್ನೆ. ದತ್ತು, ಸೀರುಡಿಕೆ, ಜಾತಿ ಮೀರಿದ ಸಂಬಂಧ, ಮದುವೆಯಿಲ್ಲದೆ ಹುಟ್ಟಿದ ಮಕ್ಕಳು ಇವು ಇಲ್ಲದ ಮನೆತನವನ್ನು ಕಾಣುವುದು ಕಷ್ಟ. ಎಸ್. ಎಲ್. ಭೈರಪ್ಪನವರ 'ವಂಶವೃಕ್ಷ' (1965) ಕಾದಂಬರಿಯಲ್ಲಿ ಶ್ರೋತ್ರಿಯರನ್ನು ಅಲುಗಿಸುವುದು ತಮ್ಮ ಹುಟ್ಟಿನ ಮೂಲವನ್ನು ಕುರಿತ ಇಂತಹ ಅರಿವೇ. ಸತ್ತು ನೂರು ವರ್ಷ ಕಳೆದವರ ವಿಷಯದಲ್ಲಿ ದಾಖಲೆ ಹೇಳುವುದನ್ನು ಬರೆಯಬಹುದು. ಬದುಕಿರುವವರ ಹಾಗೂ ಅವರ ಹೆತ್ತವರ ವಿಷಯದಲ್ಲಿ ಅವರ ಒಪ್ಪಿಗೆಯಿಲ್ಲದೆ ಬರೆಯಲಾಗದು. ಬಿಟ್ಟ ಕಡೆ ಬಿಟ್ಟಿದೆ ಎಂದು ಸೂಚಿಸಿದರೆ ಸಾಕು. ಬಿಟ್ಟ ಜಾಗಕ್ಕೆ ಸುಳ್ಳನ್ನು ತುಂಬುವುದು ಚರಿತ್ರೆಯ ಕೆಲಸವಲ್ಲ.

ಭೂಮಿಯಿಲ್ಲದವರ ವಂಶಚರಿತ್ರೆಯನ್ನು ಬರೆಯಲಾಗದೆಂಬ ಮಾತು ಸಂಶೋಧನ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಇದು ಪೂರ್ತಿ ನಿಜವಲ್ಲ. ತಳವಾರ, ತೋಟಿ, ನೀರಗಂಟಿ ಮೊದಲಾದ ಹಳ್ಳಿಯ ಚಾಕರಿಗಳು ವಂಶಪಾರಂಪರ್ಯವಾಗಿದ್ದು, ಅವಕ್ಕೆ ಇನಾಮು ಜಮೀನು ಇದ್ದುದರಿಂದ, ದಲಿತ ಕುಟುಂಬಗಳ ಹೆಸರುಗಳೂ ದಫ್ತರ ಸೇರಿವೆ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಂತೆ ಆ ಜಮೀನುಗಳನ್ನು ಮರುಮಂಜೂರು ಮಾಡುವಾಗ ಯಾರ ವಾರಸುದಾರರು ಯಾರೆಂದು ವಿಚಾರಣೆ ನಡೆಯಿತು. ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರು ಸಲ್ಲಿಸಿದ 7ನೆಯ ನಮೂನೆಯ ಅರ್ಜಿಗಳು ಭೂನ್ಯಾಯಮಂಡಲಿಗಳ ಕಡತಗಳಲ್ಲಿವೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ನಿಷೇಧಿಸಿದ 1978ರ ಕಾಯಿದೆಯಡಿ ಜಮೀನನ್ನು ಮರಳಿ ಪಡೆಯಬಯಸುವವರು, ಮೊದಲು ಮಂಜೂರು ಪಡೆದಾತನ ಸಂತತಿ ತಾವೆಂದು ಉಪವಿಭಾಗಾಧಿಕಾರಿಗಳ ಮುಂದೆ ತೋರಿಸಬೇಕಾಗುತ್ತದೆ. ಅಜ್ಜನ ಹೆಸರು ಮಂಜೂರಾತಿ ಆದೇಶದಲ್ಲಿ ಒಂದು ರೀತಿ, ಪಹಣಿಯಲ್ಲಿ ಇನ್ನೊಂದು ರೀತಿ, ಮೊಮ್ಮಗನ ಶಾಲಾ ದಾಖಲೆಯಲ್ಲಿ ಮತ್ತೊಂದು ರೀತಿ ಇದ್ದರೆ ಆ ಮೂರೂ ಒಬ್ಬನೇ ಎಂದು ಸಾಧಿಸುವ ಹೊಣೆ ಆ ಕುಟುಂಬದ ಮೇಲೆ ಬೀಳುತ್ತದೆ. ಅಭಿರಾಮದೇವರಾಯನೂ ಭೀಮಪಯ್ಯನೂ ಒಬ್ಬನೇ ಎಂದು ತೋರಿಸಲು ವಿದ್ವಾಂಸರು ಬಳಸಿದ ತರ್ಕ ಅಲ್ಲಿಯೂ ಬೇಕಾಗುತ್ತದೆ.